ಇಸ್ತ್ರಿ ಕುರ್ತಾದ ಮ್ಯಾಲ ಜಾಕೀಟು

ಮುಂಜಾನೆ ಇಸ್ತ್ರಿ ಮಾಡಿದ ಕುರ್ತಾದ ಮ್ಯಾಲ ದಪ್ಪನ್ನ ಜಾಕೀಟು ಏರಿಸಿ ಸ್ಕೂಟಿ ತಗದ್ರ, "ಏನವಾ, ಯುದ್ಧಕ್ಕ ಹೊಂಟೀಯೇನ?" ಅಂತಾರ ಬಾಜೂಮನಿ ಕಾಕು. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್ ಹಾದಿ, ಬಾಜೂಕ ಲಾರಿ. ಯುದ್ಧನ ಅನ್ರಿ.

ಜಾಕೀಟು ಕೊಳ್ಳಾಕ ಹೋಗೂಮುಂದ ಆಫೀಸಿನ ಕುರ್ತಾನ ಹಾಕ್ಕೊಂಡು ಹೋಗ್ರಿ. ಭುಜ, ಮೊಳಕೈ, ಬೆನ್ನಿನ ಕಡೆ ಒಳಗ ಪ್ಯಾಡ್ ಇರತಾವ. ಸಡಲ ಇದ್ರ, ಬಿದ್ದಾಗ ಪ್ಯಾಡ್ ಒಂದು ಕಡೆ, ಮೊಳಕೈ ಒಂದು ಕಡೆ. ಬ್ಯಾಸಗಿಗೆ ಜಾಳಜಾಳ ಬಟ್ಟೀದು ಸಿಗತೈತಿ, ಗಾಳಿ ಆಡತೈತಿ. ಸುಕ್ಕು ಬೀಳತಾವ ಖರೆ. ಬಿದ್ರ ಬೀಳ್ಲಿ, ಮೀಟಿಂಗಿನ್ಯಾಗ ಯಾರೂ ಬೆನ್ನು ನೋಡೂದಿಲ್ಲ.

ಓಢಣಿ ಮಾತ್ರ ಬ್ಯಾಗಿನ್ಯಾಗ. ಹೋದ ವರ್ಷ ನಮ್ಮ ನೆಗೆಣ್ಣಿ ಹಿಂದ ಕುಂತಾಗ ಓಢಣಿ ಗಾಲ್ಯಾಗ ಸಿಕ್ಕು ಕುತ್ತಿಗಿ ಬಿಗೀತು. ಗಾಡಿ ಮೆಲ್ಲಕ ಇತ್ತು, ಉಳದ್ಲು. ಕುತ್ತಿಗಿ ಮ್ಯಾಲಿನ ಗೆರಿ ಹೋಗಾಕ ತಿಂಗಳು ಹಿಡೀತು. ಆಕಿ ಇವತ್ತಿಗೂ ಗಾಡಿ ಹತ್ತಾಕ ಒಲ್ಲೆ ಅಂತಾಳ.

ಎತ್ತರ ತುರುಬಿನ ಮ್ಯಾಲ ಹೆಲ್ಮೆಟ್ ಸರಿ ಕುಂಡ್ರೂದಿಲ್ಲ. ಕೆಳಗ ಹೆರಳು ಹಾಕ್ರಿ, ಹೂವು ಡಬ್ಬಿಯೊಳಗ ಒಯ್ದು ಆಫೀಸಿನ್ಯಾಗ ಮುಡೀರಿ. ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು ಐತೇನು ನೋಡೇ ತಗೋರಿ.

ಐತವಾರ ಪ್ಯಾಡ್ ತಗದು ಜಾಕೀಟು ಕೈಲೇ ಒಗದು ನೆರಳಾಗ ಹಾಕ್ತೇನಿ. ರಾತ್ರಿನ ಪ್ಯಾಡ್ ವಾಪಸ್ ಸೇರಿಸಿಡತೇನಿ, ಸೋಮವಾರ ಮುಂಜಾನೆ ಯಾರಿಗೈತಿ ಪುರಸೊತ್ತು?