ಕುಮಾರಪರ್ವತದ ಹಾದಿಯಲ್ಲಿ

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಬಂದವರೆಲ್ಲರೂ ಕುಮಾರಧಾರಾ ನದಿಯನ್ನು ಕಂಡಿರುತ್ತಾರೆ. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿಯು ತನ್ನ ಆಯುಧವನ್ನು ತೊಳೆದದ್ದು ಈ ನೀರಿನಲ್ಲಿಯೇ ಎಂದು ಸ್ಥಳಪುರಾಣ ಹೇಳುತ್ತದೆ. ಆದರೆ ಆ ನದಿ ಹುಟ್ಟುವ ಬೆಟ್ಟವನ್ನು ಏರಿದವರು ಅವರಲ್ಲಿ ಕೆಲವರು ಮಾತ್ರ. ಅದೇ ಕುಮಾರಪರ್ವತ; ಕೊಡಗಿನ ಕಡೆಯವರಿಗೆ ಅದು ಪುಷ್ಪಗಿರಿ. ಎತ್ತರ 1712 ಮೀಟರ್. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರವಾದದ್ದು ನಿಜ; ಆದರೆ ಅಲ್ಲಿ ವಾಹನವು ನಮ್ಮನ್ನು ಬಹುದೂರ ಹೊತ್ತೊಯ್ಯುತ್ತದೆ. ಇಲ್ಲಿ ಕುಕ್ಕೆಯ ತಪ್ಪಲಿನಿಂದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಎತ್ತರವನ್ನು ನಮ್ಮ ಕಾಲುಗಳೇ ಏರಬೇಕು.

1996ರ ಡಿಸೆಂಬರಿನಲ್ಲಿ ನಾವು ನಾಲ್ವರು ಗೆಳೆಯರು ಈ ಬೆಟ್ಟವನ್ನು ಹತ್ತಲು ಹೊರಟೆವು. ನನಗೆ ಆಗ ಇಪ್ಪತ್ತೆರಡು ವರ್ಷ. ಹಳ್ಳಿಯಲ್ಲಿ ದಿನಕ್ಕೆ ಆರು ಮೈಲಿ ನಡೆದು ಶಾಲೆ ಕಲಿತವನು ನಾನು. ನನ್ನ ಕಾಲುಗಳ ಬಗ್ಗೆ ನನಗೆ ಸಾಕಷ್ಟು ಹೆಮ್ಮೆಯಿತ್ತು. ಗೆಳೆಯರಲ್ಲಿ ಒಬ್ಬನು ಅಂಚೆ ಕಚೇರಿಯ ಗುಮಾಸ್ತ. ಹಗಲೆಲ್ಲ ಕುಳಿತು ಮುದ್ರೆಯೊತ್ತುವ ಅವನಿಗೆ ಬೆಟ್ಟ ಹತ್ತಿ ಅಭ್ಯಾಸವಿರಲಿಲ್ಲ. ಬರಲಾರೆನೆಂದವನನ್ನು ಹಾಸ್ಯ ಮಾಡಿ ಹೊರಡಿಸಿದವನೂ ನಾನೇ.

ಮೊದಲ ನಾಲ್ಕೈದು ಕಿಲೋಮೀಟರು ದಟ್ಟವಾದ ಕಾಡು. ಮರದ ಬೇರುಗಳೇ ಅಲ್ಲಿ ಮೆಟ್ಟಿಲು. ಜೀರುಂಡೆಗಳ ಸದ್ದು ಕಿವಿ ತುಂಬುತ್ತದೆ. ಗಾಳಿಯಾಡದ ಆ ನೆರಳಿನಲ್ಲಿ ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿಕೊಳ್ಳುತ್ತದೆ. ಕಾಡು ಮುಗಿಯುವಲ್ಲಿ ಅಡಿಕೆ ತೋಟದ ನಡುವೆ ಒಂದು ಕೃಷಿಕರ ಮನೆ. ಅಲ್ಲಿ ಬಾಟಲಿಗಳನ್ನು ತುಂಬಿಸಿಕೊಂಡೆವು. ಗುಮಾಸ್ತ ಗೆಳೆಯನು ಏದುಸಿರು ಬಿಡುತ್ತಿದ್ದುದನ್ನು ಕಂಡು ನಾನು, “ನಿನ್ನ ನೀರನ್ನು ಇತ್ತ ಕೊಡೋ, ಹೊರೆಯಾದರೂ ಕಡಿಮೆಯಾಗಲಿ” ಎಂದು ಅವನ ಎರಡು ಬಾಟಲಿಗಳನ್ನೂ ನನ್ನ ಚೀಲಕ್ಕೆ ಸೇರಿಸಿಕೊಂಡೆ. ಅದು ಉಪಕಾರವೆಂದೇ ಆಗ ನಾನು ತಿಳಿದಿದ್ದೆ. ಉಳಿದವರ ಮುಂದೆ ನನ್ನ ಬಲವನ್ನು ತೋರಿಸುವ ಆಸೆಯೂ ಅದರಲ್ಲಿ ಸೇರಿತ್ತೆಂಬುದನ್ನು ಒಪ್ಪಿಕೊಳ್ಳಲು ಬಹಳ ದಿನಗಳು ಬೇಕಾದವು.

ಮನೆಯಿಂದ ಮುಂದೆ ಬೆಟ್ಟದ ರೂಪವೇ ಬೇರೆ. ಎಲ್ಲೆಲ್ಲಿಯೂ ಹುಲ್ಲುಗಾವಲು. ಮರಗಳಿರುವುದು ಎರಡು ಗುಡ್ಡಗಳ ನಡುವಿನ ಮಡಿಲುಗಳಲ್ಲಿ ಮಾತ್ರ. ಶೋಲಾ ಎಂದು ಕರೆಯುವ ಈ ಕಾಡುಗಳೂ ಅವುಗಳ ಸುತ್ತಲಿನ ಹುಲ್ಲೂ ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ತೊರೆಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಬೆಟ್ಟಕ್ಕಿರುವ ಈ ಬುದ್ಧಿ ಅಂದು ನನಗಿರಲಿಲ್ಲ. ಬಿಸಿಲು ನೆತ್ತಿಗೇರುತ್ತಿತ್ತು, ಹಾದಿಯಲ್ಲಿ ಒಂದು ಅಂಗೈಯಗಲದ ನೆರಳೂ ಇರಲಿಲ್ಲ. ನಾನು ಹಿಂದಿರುಗಿ ನೋಡದೆ ನಡೆದೆ. ಮುಕ್ಕಾಲು ಗಂಟೆಯ ಮೇಲೆ ಒಂದು ಬಂಡೆಯ ಮರೆಯಲ್ಲಿ ಕುಳಿತಾಗ ಕೆಳಗಿನ ಹಾದಿಯಲ್ಲಿ ಯಾರೂ ಕಾಣಿಸಲಿಲ್ಲ. ಎಲ್ಲರಿಗಿಂತ ಮುಂದಿದ್ದೇನೆಂದು ಹಿಗ್ಗಿದೆ. ನನ್ನ ನೀರು ಆಗಲೇ ಮುಗಿದಿತ್ತು. ಮೇಲಿನ ಕಲ್ಲುಮಂಟಪದ ಬಳಿ ತೊರೆಯಿದೆಯೆಂದು ಕೇಳಿದ್ದೆ. ಅಲ್ಲಿ ತುಂಬಿಸಿದರಾಯಿತೆಂದು ಗೆಳೆಯನ ಒಂದು ಬಾಟಲಿಯನ್ನು ಬರಿದು ಮಾಡಿ, ಎರಡನೆಯದರಲ್ಲಿಯೂ ಅರ್ಧ ಕುಡಿದೆ.

ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು. ಇಳಿದು ಓಡಿದೆ. ಗುಮಾಸ್ತ ಗೆಳೆಯನು ಹುಲ್ಲಿನ ಮೇಲೆ ಬಿದ್ದಿದ್ದ. ಅವನ ಮೀನಖಂಡಗಳು ಮರದ ಕೊರಡಿನಂತೆ ಸೆಟೆದಿದ್ದವು; ಮುಖದಲ್ಲಿ ರಕ್ತವೇ ಇರಲಿಲ್ಲ. ಮಿಕ್ಕ ಇಬ್ಬರು ತಮ್ಮ ನೀರನ್ನೆಲ್ಲ ಅವನಿಗೆ ಕುಡಿಸಿ ಮುಗಿಸಿದ್ದರು. ನಾನು ಉಳಿದ ಅರ್ಧ ಬಾಟಲಿಯನ್ನು ಅವನ ಬಾಯಿಗಿಟ್ಟೆ. ಅವನು ಎರಡು ಗುಟುಕು ಕುಡಿದು, “ನಿನಗಿರಲಿ, ಮುಂದೆ ನಡೆಯಬೇಕಾದವನು ನೀನು” ಎಂದ. ಅವನ ಮುಖವನ್ನು ನೋಡಲಾಗದೆ, ಖಾಲಿ ಬಾಟಲಿಗಳನ್ನೆಲ್ಲ ಎತ್ತಿಕೊಂಡು ಮಂಟಪದ ಕಡೆಗೆ ಓಡಿದೆ. ಆ ಏರನ್ನು ಅಂದು ಹತ್ತಿದಂತೆ ಹಿಂದೆಯೂ ಮುಂದೆಯೂ ನಾನು ಯಾವ ಏರನ್ನೂ ಹತ್ತಿದ್ದಿಲ್ಲ.

ಶಿಖರದ ಮಾತನ್ನು ಯಾರೂ ಎತ್ತಲಿಲ್ಲ. ಅವನ ತೋಳುಗಳನ್ನು ಸರದಿಯ ಮೇಲೆ ನಮ್ಮ ಹೆಗಲಿಗೇರಿಸಿಕೊಂಡು ಕೃಷಿಕರ ಮನೆಗೆ ಇಳಿದೆವು. ಮನೆಯ ಅಜ್ಜಿ ನಮ್ಮನ್ನು ಏನೂ ಕೇಳದೆ ಮೊದಲು ಬೆಲ್ಲ ನೀರು ತಂದಿಟ್ಟರು. ಅನಂತರ ಉಪ್ಪು ಬೆರೆಸಿದ ಮಜ್ಜಿಗೆ. “ಬೆವರಿನಲ್ಲಿ ನೀರೊಂದೇ ಹೋಗುವುದಲ್ಲ ಮಗಾ, ಉಪ್ಪೂ ಹೋಗುತ್ತದೆ” ಎಂದರು. ಸಂಜೆಯ ಹೊತ್ತಿಗೆ ಅವನ ಕಾಲು ಸಡಿಲಗೊಂಡಿತು.

ರಾತ್ರಿ ಜಗಲಿಯಲ್ಲಿ ಎಲ್ಲರೂ ಮಲಗಿದ ಮೇಲೆ ಅವನು ಮೆಲ್ಲಗೆ, “ನನ್ನಿಂದ ನಿಮ್ಮ ಪ್ರಯಾಣ ಕೆಟ್ಟಿತು” ಎಂದ. ಸುಮ್ಮನಿದ್ದುಬಿಟ್ಟಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರಬೇಕೆಂದು ಒಂದು ಕ್ಷಣ ಅನ್ನಿಸಿದ್ದೂ ಸುಳ್ಳಲ್ಲ. ಕೊನೆಗೆ, ಅವನ ನೀರನ್ನು ಕುಡಿದವನು ನಾನೆಂದು ಹೇಳಿದೆ. ಕತ್ತಲಲ್ಲಿ ಅವನ ಮುಖ ಕಾಣಿಸಲಿಲ್ಲ. ತುಸು ಹೊತ್ತಿನ ಮೇಲೆ, “ನನಗೆ ಗೊತ್ತಿತ್ತೋ. ಎರಡು ಬಾಟಲಿ ಕೊಟ್ಟಿದ್ದೆ, ನೀನು ಅರ್ಧ ತಂದೆ. ಅಂಚೆಯವನಿಗೆ ಲೆಕ್ಕ ಬರುವುದಿಲ್ಲವೇ?” ಎಂದು ನಕ್ಕ. ಬೈದಿದ್ದರೆ ನನಗೆ ನಿದ್ರೆ ಬರುತ್ತಿತ್ತು.

1998ರ ಜನವರಿಯಲ್ಲಿ ನಾಲ್ವರೂ ಮತ್ತೆ ಹೊರಟೆವು. ಈ ಸಲ ಮುಂದೆ ನಡೆದವನು ಗುಮಾಸ್ತ ಗೆಳೆಯ. ಅವನು ನಿಂತಲ್ಲಿ ನಾವೂ ನಿಂತೆವು. ನಿಲ್ಲುತ್ತ ನಡೆದದ್ದರಿಂದ ಹಿಂದೆ ನಾನು ಕಾಣದೆ ಹೋದ ಎಷ್ಟೋ ಸಂಗತಿಗಳು ಕಂಡವು: ಹುಲ್ಲಿನಲ್ಲಿ ಕಾಟಿಯ ಹೆಜ್ಜೆಗಳು, ಬಂಡೆಯ ಬಿರುಕಿನಲ್ಲಿ ಬೇರುಬಿಟ್ಟ ಸಣ್ಣ ಹೂಗಿಡಗಳು. ಶೇಷಪರ್ವತವನ್ನು ದಾಟಿ, ಕಾಡಿಗಿಳಿದು, ಕಡಿದಾದ ಬಂಡೆಯನ್ನು ಹತ್ತಿ ಶಿಖರವನ್ನು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಮಂಜು ಕವಿದು ಹತ್ತು ಮಾರು ದೂರದ್ದೂ ಕಾಣಿಸುತ್ತಿರಲಿಲ್ಲ. ನಾಲ್ವರೂ ಒಂದು ಕಲ್ಲಿಗೆ ಒರಗಿ ಕುಳಿತು, ಉಳಿದ ನೀರನ್ನು ಬಾಟಲಿಯ ಮುಚ್ಚಳದಲ್ಲಿ ಅಳೆದು ಕುಡಿದೆವು. ಅಳೆದು ಕೊಟ್ಟವನು ಅಂಚೆಯವನು.