ಮೂರು ಕಾರ್ಖಾನೆ, ಒಂದು ದಫ್ತರ

2024 ಮೇ 13, ಸೋಮವಾರ. ಬೆಳಗಾವಿ

ಹಂಗಾಮು ಮುಗಿದು ಅಥಣಿ, ಮುಧೋಳ ಕಡೆಯ ಎರಡೂ ಸಕ್ಕರೆ ಕಾರ್ಖಾನೆಗಳಲ್ಲಿ ಓವರ್‌ಹಾಲ್ ಶುರುವಾಗಿದೆ. ಮಂಡ್ಯ ಕಡೆಯದನ್ನೂ ಸೇರಿಸಿ ಮೂರರ ಯಂತ್ರನಿರ್ವಹಣೆಯನ್ನೂ ಇನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತರಬೇಕೆಂದು ಇಂದಿನ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಹೊಣೆ ನನ್ನ ಕೊರಳಿಗೆ ಬಿತ್ತು.

ಈಗಿನ ಸ್ಥಿತಿ ಹೀಗಿದೆ. ಅಥಣಿಯಲ್ಲಿ ಕೆಂಪು ಬಟ್ಟೆ ಹೊದಿಸಿದ ಲಾಗ್ ಬುಕ್ಕುಗಳು. ಮುಧೋಳದಲ್ಲಿ ಒಬ್ಬನೇ ಗುಮಾಸ್ತನ ಎಕ್ಸೆಲ್. ಅವನು ರಜೆ ಹಾಕಿದರೆ ಕಾರ್ಖಾನೆಯ ನೆನಪೂ ರಜೆ ಹಾಕುತ್ತದೆ. ಮಂಡ್ಯದವರು ಲೆಕ್ಕಪತ್ರದ ಸಾಫ್ಟ್‌ವೇರ್ ಜೊತೆಗೆ ಮೇಂಟೆನೆನ್ಸ್ ಮಾಡ್ಯೂಲನ್ನೂ ಕೊಂಡಿದ್ದಾರೆ, ತೆರೆದೇ ನೋಡಿಲ್ಲ. ಮೂವರೂ ಒಂದೇ ರೀತಿ ತುಂಬುವ ಕಾಗದವೆಂದರೆ ಹಂಗಾಮಿನ ಕೊನೆಗೆ ಸರ್ಕಾರಕ್ಕೆ ಕಳಿಸುವ ಆರ್‌ಟಿ-8(ಸಿ) ಮಾತ್ರ. ಕಬ್ಬಿಲ್ಲದೆ ಎಷ್ಟು ತಾಸು ನಿಂತಿತು, ಮೆಕ್ಯಾನಿಕಲ್ ಕಾರಣಕ್ಕೆ ಎಷ್ಟು, ಎಲೆಕ್ಟ್ರಿಕಲ್‌ಗೆ ಎಷ್ಟು ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಯಾವ ಮಿಲ್ಲು, ಯಾವ ಬೇರಿಂಗು ಎಂದು ಕೇಳಿದರೆ ಹಳಬರನ್ನು ಹುಡುಕಿಕೊಂಡು ಹೋಗಬೇಕು.

ಮೇ 24, ಶುಕ್ರವಾರ. ಮುಧೋಳ ಕಡೆ

ಇಡೀ ವಾರ ಯಂತ್ರಗಳಿಗೆ ನಂಬರು ಕೊಡುವ ಜಗಳವೇ ಆಯಿತು. ಸಾಫ್ಟ್‌ವೇರ್ ಮಾರಿದವರು ಇದನ್ನು ‘ಡೇಟಾ ಎಂಟ್ರಿ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದರು. ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಇದೇ.

ಮುಖ್ಯವಾಗಿ ಒಪ್ಪಿಸಬೇಕಾದದ್ದು ಜಾಗ ಬೇರೆ, ಯಂತ್ರ ಬೇರೆ ಎಂಬುದನ್ನು. ಇಂಜೆಕ್ಷನ್ ಪಂಪ್ ನಂಬರ್ 2 ಎಂಬುದು ಒಂದು ಜಾಗ. ಅಲ್ಲಿ ಕೂತಿರುವ ಮೋಟಾರು ಇಂದು ಇದೆ, ನಾಳೆ ಸುಟ್ಟು ರಿವೈಂಡಿಂಗಿಗೆ ಹೋಗುತ್ತದೆ, ಬಂದ ಮೇಲೆ ಬೇರೆಲ್ಲೋ ಕೂರುತ್ತದೆ. ಲಾಗ್ ಬುಕ್ಕಿನಲ್ಲಿ ಇವೆರಡೂ ಒಂದೇ ಆಗಿಬಿಟ್ಟಿದ್ದವು. ಹಾಗಾಗಿ ಆ ಜಾಗದಲ್ಲಿ ಯಾವ ಮೋಟಾರು ಹಾಕಿದರೂ ಸುಡುತ್ತದೆಯೋ, ಅದೇ ಮೋಟಾರು ಎಲ್ಲಿ ಹಾಕಿದರೂ ಸುಡುತ್ತದೆಯೋ ಎಂಬುದು ಗೊತ್ತಾಗುತ್ತಿರಲಿಲ್ಲ. ಜಾಗದ ದೋಷವಾದರೆ ಫೌಂಡೇಶನ್ನು, ಅಲೈನ್‌ಮೆಂಟು, ಕೇಬಲ್ಲು ನೋಡಬೇಕು. ಮೋಟಾರಿನದಾದರೆ ಅದನ್ನು ಗುಜರಿಗೆ ಹಾಕಬೇಕು. ಈಗ ಜಾಗಕ್ಕೊಂದು ನಂಬರು, ಮೋಟಾರಿಗೆ ಅದರದೇ ನಂಬರು. ಇಷ್ಟಕ್ಕೇ ಎಲೆಕ್ಟ್ರಿಕಲ್ ಫೋರ್‌ಮನ್ ಕುರ್ಚಿ ಮುಂದೆಳೆದು ಕೂತರು. ಉಳಿದ ಯಾವ ಸ್ಲೈಡಿಗೂ ಅವರು ತಲೆ ಎತ್ತಿರಲಿಲ್ಲ.

ಜೂನ್ 11, ಮಂಗಳವಾರ. ಅಥಣಿ ಕಡೆ

ದಿನವಿಡೀ ಸ್ಟೋರಿನಲ್ಲಿ. ಮೂರೂ ಕಡೆಯ ಸ್ಟಾಕ್ ಪಟ್ಟಿಗಳನ್ನು ಒಟ್ಟಿಗೆ ಹರಡಿದಾಗ ಒಂದೇ ಬೇರಿಂಗಿಗೆ ಮೂರು ಹೆಸರು ಸಿಕ್ಕವು. ಒಂದು ಕಡೆ ‘6310’, ಇನ್ನೊಂದು ಕಡೆ ‘ಬಾಲ್ ಬೇರಿಂಗ್ 50 ಎಂಎಂ’, ಮತ್ತೊಂದು ಕಡೆ ‘ಮೋಟಾರ್ ಬೇರಿಂಗ್, ದೊಡ್ಡದು’. ಒಳವ್ಯಾಸ 50 ಮಿ.ಮೀ., ಹೊರವ್ಯಾಸ 110, ಅಗಲ 27. ಅಳತೆಯಲ್ಲಿ ಮೂರೂ ಒಂದೇ.

ಹೆಡ್ ಆಫೀಸಿನ ಹುಡುಗ ಖುಷಿಯಿಂದ ಮೂರನ್ನೂ ಒಂದೇ ಕೋಡಿಗೆ ಸೇರಿಸಲು ಹೊರಟ. ಸ್ಟೋರ್ ಕೀಪರ್ ತಡೆದರು. ಪೆಟ್ಟಿಗೆ ತೆರೆದು ಬೇರಿಂಗನ್ನು ಬೆಳಕಿಗೆ ಹಿಡಿದು ಅಂಚಿನ ಅಕ್ಷರ ತೋರಿಸಿದರು. ಒಂದರ ಮೇಲೆ ‘ಸಿ3’ ಎಂದಿತ್ತು, ಇನ್ನೊಂದರ ಮೇಲೆ ಇರಲಿಲ್ಲ. ಸಿ3 ಎಂದರೆ ಗುಂಡುಗಳಿಗೆ ಮಾಮೂಲಿಗಿಂತ ಹೆಚ್ಚು ಸಡಿಲ ಬಿಟ್ಟದ್ದು. ಮೋಟಾರು ಕಾದಾಗ ಒಳರಿಂಗು ಹಿಗ್ಗುತ್ತದೆ. ಆ ಸಡಿಲವಿಲ್ಲದಿದ್ದರೆ ಬೇರಿಂಗು ಬಿಗಿದು ಬಿಸಿಯೇರಿ ಕೆಡುತ್ತದೆ. ಹೀಗೆಯೇ ಎರಡೂ ಕಡೆ ತಗಡಿನ ಮರೆಯಿದ್ದರೆ ‘ಝಡ್‌ಝಡ್’, ರಬ್ಬರ್ ಸೀಲಿದ್ದರೆ ‘2ಆರ್‌ಎಸ್’. ಅಳತೆ ಒಂದೇ, ಕೆಲಸ ಬೇರೆ. ಇವೆಲ್ಲ ಬೇರೆ ಬೇರೆ ಕೋಡುಗಳಾಗಬೇಕು, ಕಂಪನಿಯ ಹೆಸರು ಮಾತ್ರ ಕೋಡಿನಿಂದ ಹೊರಗಿರಬೇಕು.

ಪಟ್ಟಿ ಸ್ವಚ್ಛ ಮಾಡುವವನು ಸ್ಟೋರಿನ ಧೂಳು ಕುಡಿಯಲೇಬೇಕು. ಎಸಿ ಕೋಣೆಯಲ್ಲಿ ಸ್ವಚ್ಛ ಮಾಡಿದ ಪಟ್ಟಿಯನ್ನು ನಂಬಿ ಮೋಟಾರಿಗೆ ಬೇರಿಂಗು ಬಡಿಯಲಾಗದು.

ಜೂನ್ 28, ಶುಕ್ರವಾರ. ಮುಧೋಳ ಕಡೆ

ಬಾಯ್ಲರ್ ಮನೆಯ ಹಿರಿಯ ಫಿಟ್ಟರ್ ಜೊತೆ ಅರ್ಧ ದಿನ. ಪಂಪುಗಳಿಗೆಲ್ಲ ಕ್ಯೂಆರ್ ಚೀಟಿ ಅಂಟಿಸಿ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ತೋರಿಸಿದೆ. ಅವರು ಚೀಟಿಯನ್ನು ಉಗುರಿನಿಂದ ಕೆರೆದು ನೋಡಿದರು.

“ಸಾಹೇಬ್ರ, ಬಾಯ್ಲರ್ ಚಾಲೂ ಆದ್ರ ಈ ಚೀಟಿ ಶೆಕಿಗಿ ನಿಲ್ಲಂಗಿಲ್ರಿ. ತಗಡಿನ ಮ್ಯಾಲ ನಂಬರ್ ಹೊಡಸ್ರಿ.”

ಅವರ ಮಾತೇ ಸರಿ. ಬಾಯ್ಲರ್ ಮತ್ತು ಇವಾಪರೇಟರ್ ಕಡೆಗೆಲ್ಲ ಸ್ಟೀಲ್ ತಗಡಿನ ಮೇಲೆ ಪಂಚ್ ಹೊಡೆಸಲು ವರ್ಕ್‌ಶಾಪಿಗೆ ಹೇಳಿದ್ದೇನೆ.

ಆಮೇಲೆ ಯಂತ್ರ ಕೆಟ್ಟದ್ದರ ಕಾರಣ ಆರಿಸುವ ಪಟ್ಟಿ ತೋರಿಸಿದೆ. ಉದ್ದಕ್ಕೂ ಬೆರಳಾಡಿಸಿ ಕೊನೆಯ ‘ಇತರೆ’ ಒತ್ತಿದರು. ಎರಡನೆಯ ಸಲವೂ ‘ಇತರೆ’. ಸಿಟ್ಟು ಬಂತು, ಆದರೆ ತಪ್ಪು ಪಟ್ಟಿಯದು. ಪಂಪು ಬಿಚ್ಚುವ ಮೊದಲೇ ಕಾರಣ ಹೇಳೆಂದರೆ ಯಾರು ಹೇಳಿಯಾರು? ತೈಲ, ಅನಿಲ ಉದ್ಯಮಗಳಿಗಾಗಿ ಬರೆದ ಐಎಸ್‌ಒ 14224 ಮಾನದಂಡ ಕೂಡ ಯಂತ್ರ ಹೇಗೆ ಕೆಟ್ಟಿತು ಎಂಬುದನ್ನೂ ಏಕೆ ಕೆಟ್ಟಿತು ಎಂಬುದನ್ನೂ ಬೇರೆ ಬೇರೆ ಖಾನೆಗಳಲ್ಲಿ ಇಡುತ್ತದೆ. ಫಿಟ್ಟರಿಗೆ ಕಣ್ಣಿಗೆ, ಕಿವಿಗೆ, ಕೈಗೆ ಸಿಗುವಷ್ಟು ಸಾಕು: ಸದ್ದು, ಬಿಸಿ, ಸೋರಿಕೆ, ಅದುರು, ಮುರಿತ, ಚಾಲೂ ಆಗದು. ಕಾರಣವನ್ನು ಬಿಚ್ಚಿ ನೋಡಿದ ಮೇಲೆ ಎಂಜಿನಿಯರ್ ಬರೆಯಲಿ.

ಹೊರಡುವಾಗ ಅವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. “ಇಷ್ಟ್ ವರ್ಷ ಬುಕ್ಕಿನ್ಯಾಗ ಬರದೇನ್ರಿ. ಬರದದ್ದು ಓದಿ ಒಬ್ಬಾಂವರ ಬಂದು ಕೇಳ್ಯಾನೇನು? ಇದನ್ನರ ಯಾರ್ ಓದಾವ್ರು?”

ಜುಲೈ 22, ಸೋಮವಾರ. ಬೆಳಗಾವಿ

ಶುಕ್ರವಾರ ಒಂದು ಭದ್ರತಾ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. 85 ಲಕ್ಷ ಯಂತ್ರಗಳು ಎಂದು ಮೈಕ್ರೋಸಾಫ್ಟಿನ ಅಂದಾಜು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರಂತೆ. ನಮ್ಮಲ್ಲಿ ಏನೂ ಆಗಲಿಲ್ಲ. ಆದರೂ ಕಂಪ್ಯೂಟರ್ ನಿಂತರೆ ಕೈಯಲ್ಲಿ ಬರೆಯಲು ಪ್ರತಿ ಶಿಫ್ಟಿಗೆ ಖಾಲಿ ಜಾಬ್ ಕಾರ್ಡಿನ ಒಂದು ಪುಸ್ತಕ ಇಡಬೇಕೆಂಬ ನನ್ನ ಬೇಡಿಕೆ ಇಂದು ಒಂದೇ ಮಾತಿಗೆ ಪಾಸಾಯಿತು.

ಜುಲೈ 26, ಶುಕ್ರವಾರ

ಕೃಷ್ಣೆ ಉಕ್ಕಿದೆ. ಚಿಕ್ಕೋಡಿ ಕಡೆಯ ಕೆಳಸೇತುವೆಗಳು ಮುಳುಗಿವೆ. ತರಬೇತಿ ಮುಂದಕ್ಕೆ.

ಆಗಸ್ಟ್ 19, ಸೋಮವಾರ. ಮಂಡ್ಯ ಕಡೆ

ಇಲ್ಲಿ ಆಗಲೇ ಕಬ್ಬು ನುರಿಯುತ್ತಿದೆ. ಉತ್ತರದಲ್ಲಿ ಮಿಲ್ಲು ಬಿಚ್ಚಿ ಹರಡಿಕೊಂಡಿರುವಾಗ ಇಲ್ಲಿ ಮಿಲ್ಲು ತಿರುಗುತ್ತಿರುತ್ತದೆ. ಮೂವರಿಗೂ ಒಂದೇ ಕ್ಯಾಲೆಂಡರ್ ಹಾಕಿದ್ದರಿಂದ ಓಡುತ್ತಿರುವ ಮಿಲ್ಲಿಗೆ ‘ಓವರ್‌ಹಾಲ್ ಬಾಕಿ’ ಎಂದು ಕೆಂಪು ಗುರುತು ಬಂದಿದೆ. ಗ್ರೀಸು, ಎಣ್ಣೆ, ಬೇರಿಂಗ್ ತಪಾಸಣೆಯನ್ನು ಓಡಿದ ತಾಸಿನ ಲೆಕ್ಕಕ್ಕೆ ಬದಲಿಸುತ್ತಿದ್ದೇವೆ. ಕಾನೂನಿನವು ಮಾತ್ರ ತಾರೀಖಿಗೇ ಇರಬೇಕು: ಬಾಯ್ಲರ್ ಸರ್ಟಿಫಿಕೇಟು, ಕ್ರೇನು ಮತ್ತು ಸರಪಳಿಗಳಿಗೆ ಫ್ಯಾಕ್ಟರಿ ಕಾಯ್ದೆಯ ವರ್ಷಕ್ಕೊಮ್ಮೆಯ ಪರೀಕ್ಷೆ, ಲಿಫ್ಟುಗಳಿಗೆ ಆರು ತಿಂಗಳಿನದು.

ನನ್ನ ತಲೆ ಕೆಡಿಸಿದ್ದು ಬೇರೆ. ಹೆಡ್ ಆಫೀಸಿನವರು ಮೂರು ಕಾರ್ಖಾನೆಗಳ ಶ್ರೇಯಾಂಕದ ಪುಟವೊಂದನ್ನು ಮಾಡಿಸಿದ್ದಾರೆ. ಪಿಎಂ (ಯಂತ್ರ ಕೆಡುವ ಮೊದಲೇ ಮಾಡುವ ನಿರ್ವಹಣೆ) ಕೆಲಸ ಶೇಕಡಾ ಎಷ್ಟು ಮುಗಿದಿದೆ, ಯಾರು ಮೊದಲು, ಯಾರು ಕೊನೆ. ಪುಟ ಬಂದದ್ದೇ ತಡ, ಒಂದು ಕಾರ್ಖಾನೆಯ ಅಂಕ ನೂರಕ್ಕೆ ನೂರಾಯಿತು. ತೆರೆದು ನೋಡಿದರೆ ಇಡೀ ದಿನದ ಕೆಲಸಗಳೆಲ್ಲ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಒಬ್ಬನೇ ಕೂತು ಸಾಲಾಗಿ ಮುಚ್ಚಿದವು. ಒಂದರಲ್ಲೂ ‘ಸದ್ದು’ ಇಲ್ಲ, ‘ಬಿಸಿ’ ಇಲ್ಲ. ಅಷ್ಟು ಆರೋಗ್ಯವಂತ ಸಕ್ಕರೆ ಕಾರ್ಖಾನೆಯನ್ನು ನಾನಂತೂ ನೋಡಿಲ್ಲ. ಕೊನೆಯ ಸ್ಥಾನ ಅಥಣಿಯವರಿಗೆ. ಅವರು ಕಂಡ ದೋಷವನ್ನೆಲ್ಲ ಬರೆಯುತ್ತಿದ್ದಾರೆ.

ಜನರಲ್ ಮ್ಯಾನೇಜರಿಗೆ ಪತ್ರ ಬರೆದೆ: ಅಂಕಗಳನ್ನು ಹಂಚಿಕೊಳ್ಳುವ ಮೊದಲು ಬಿಡಿಭಾಗಗಳನ್ನು ಹಂಚಿಕೊಳ್ಳೋಣ. ಉತ್ತರವಿಲ್ಲ.

ನವೆಂಬರ್ 28, ಗುರುವಾರ. ಅಥಣಿ ಕಡೆ

ನಿನ್ನೆ ರಾತ್ರಿ ಎರಡನೇ ಮಿಲ್ಲಿನ ನಂತರದ ಇಂಟರ್ ಕ್ಯಾರಿಯರ್ ಗೇರ್‌ಬಾಕ್ಸ್ ಹೋಯಿತು. ಯಾರ್ಡಿನಲ್ಲಿ ಟ್ರ್ಯಾಕ್ಟರುಗಳ ಸಾಲು. ಕಡಿದ ಕಬ್ಬು ಕಾದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯೂ. ಗೇಟಿನಲ್ಲಿ ರೈತರ ದನಿ ಏರುತ್ತಿತ್ತು. ಸ್ಟೋರಿನಲ್ಲಿ ಸ್ಪೇರ್ ಇಲ್ಲ.

ಶಿಫ್ಟ್ ಎಂಜಿನಿಯರ್ ರೇಶಿಯೋ ಮತ್ತು ಔಟ್‌ಪುಟ್ ಶಾಫ್ಟಿನ ವ್ಯಾಸ ಹಾಕಿ ಹುಡುಕಿದ. ಮುಧೋಳದಲ್ಲಿ ಒಂದು ತೋರಿಸಿತು. ಹಳೆಯ ಪಟ್ಟಿಯಲ್ಲಿ ಅದು ‘ಗೇರ್‌ಬಾಕ್ಸ್, ನೀಲಿ’. ಜೂನಿನಲ್ಲಿ ಅಳೆದು ಬರೆದಿರದಿದ್ದರೆ ನೀಲಿಯಾಗಿಯೇ ಉಳಿಯುತ್ತಿತ್ತು.

ಮುಧೋಳದ ಮ್ಯಾನೇಜರ್ ಫೋನಿನಲ್ಲಿ, “ನಮ್ದೂ ಹಂಗಾಮ್ ನಡದೈತ್ರಿ, ನಾಳೆ ನಮ್ದ ಹೋದ್ರ?” ಎಂದರು. ನ್ಯಾಯವಾದ ಪ್ರಶ್ನೆ, ಸಾಫ್ಟ್‌ವೇರಿನಲ್ಲಿ ಅದಕ್ಕೆ ಬಟನ್ ಇಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಿಸಿ ಅವರಿಗೇ ಕಳಿಸುವುದು, ಅಲ್ಲಿಯವರೆಗೆ ಅವರ ಮಿಲ್ಲು ಇದೇ ಕಾರಣಕ್ಕೆ ನಿಂತರೆ ಆ ತಾಸುಗಳು ಅಥಣಿಯ ಲೆಕ್ಕಕ್ಕೆ ಎಂದು ಇಬ್ಬರೂ ಒಪ್ಪಿದರು. ಡೆಲಿವರಿ ಚಲನ್, ಇ-ವೇ ಬಿಲ್ ಎಲ್ಲ ಆಗಿ ಬೆಳಗಿನ ಜಾವ ಲಾರಿ ಬಂತು. ಮಧ್ಯಾಹ್ನಕ್ಕೆ ಮಿಲ್ಲು ತಿರುಗಿತು.

ಡಿಸೆಂಬರ್ 17, ಮಂಗಳವಾರ. ಬೆಳಗಾವಿ

ಗೇರ್‌ಬಾಕ್ಸಿನ ನಂತರ ನನ್ನ ಪತ್ರಕ್ಕೆ ಉತ್ತರ ಬಂದಿದೆ. ಶ್ರೇಯಾಂಕದ ಪುಟ ಹಂಗಾಮು ಮುಗಿಯುವವರೆಗೆ ಬಂದ್. ಅದರ ಜಾಗದಲ್ಲಿ, ಮೂರು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೆಟ್ಟ ಯಂತ್ರಗಳ ಪಟ್ಟಿ ಬರುತ್ತದೆ. ಪ್ರತಿ ಸೋಮವಾರ ಎಂಜಿನಿಯರ್ ಅದನ್ನು ಫಿಟ್ಟರುಗಳ ಜೊತೆ ಕೂತು ಓದಬೇಕು, ಏನು ಮಾಡಿದೆವೆಂದು ಅವರ ಎದುರಿಗೇ ಬರೆಯಬೇಕು. ಸ್ಪೇರ್ ಕೊಡು-ಕೊಳ್ಳುವ ಒಪ್ಪಂದ ಲಿಖಿತ ಆದೇಶವಾಗಿದೆ. ಮಂಡ್ಯದ ಇಬ್ಬರು ಸೂಪರ್‌ವೈಸರುಗಳು ಮಾತ್ರ ಇನ್ನೂ ಕಾಗದದ ಕಾರ್ಡಿನಲ್ಲೇ ಬರೆಯುತ್ತಿದ್ದಾರೆ. ಜನವರಿಯಲ್ಲಿ ಅವರ ಬಳಿ ಹೋಗಬೇಕು.