ಕಾಗದದ ಗಾಯ

ವಂಗನಾಡಿನ ಬೋಲಪುರದಲ್ಲಿ ರೈಲಿನಿಂದಿಳಿದು ನಾವು ಶಾಂತಿನಿಕೇತನವನ್ನು ಹೊಕ್ಕಾಗ ಇಳಿಹೊತ್ತಾಗಿತ್ತು. ದಾರಿಯುದ್ದಕ್ಕೂ ಕೆಂಪು ಮಣ್ಣು. ಕಲಾಭವನದ ಬಯಲಿನಲ್ಲಿ ರಾಮಕಿಂಕರ ಬೈಜರು 1938ರಲ್ಲಿ ನಿರ್ಮಿಸಿದ ಸಂತಾಲ ಕುಟುಂಬದ ಶಿಲ್ಪವನ್ನು ಕಂಡೆವು. ಅಮೃತಶಿಲೆಯಲ್ಲ; ಸಿಮೆಂಟೂ ಕೆಂಪು ಹರಳುಕಲ್ಲೂ ಸೇರಿ ಅಲ್ಲಿ ಮೂರ್ತಿಗಳಾಗಿವೆ.

ಇದೇ ಭವನದಲ್ಲಿ ಮುದ್ರಣಕಲೆಯನ್ನು ಬೋಧಿಸಿದ ಸೋಮನಾಥ ಹೋರರು (1921–2006) ಇದಕ್ಕಿಂತಲೂ ಬಡವಾದ ವಸ್ತುವನ್ನು ಆರಿಸಿಕೊಂಡರು: ಕಾಗದದ ತಿರುಳು. 1943ರ ಕ್ಷಾಮದಲ್ಲಿ ಹಸಿದವರನ್ನು ಕಣ್ಣಾರೆ ಕಂಡು ಚಿತ್ರಿಸಿದವರು ಅವರು. ಆ ನೋವು ಅವರನ್ನು ಬಿಡಲಿಲ್ಲ. 1970ರ ದಶಕದಲ್ಲಿ ಜೇಡಿಯ ಅಥವಾ ಮೇಣದ ಹಲಗೆಯನ್ನು ಸೀಳಿ, ಚುಚ್ಚಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ತಿರುಳನ್ನು ಅದರಲ್ಲಿ ಒತ್ತಿ ಒಣಗಿಸಿದರು. ಬಿಳಿಯ ಹಾಳೆ, ಅದರ ಮೇಲೆ ಬಿಳಿಯ ಗಾಯ. ಮುಂದೆ ಮೇಣದ ಹಾಳೆಗಳಿಂದ ರೂಪಿಸಿ ಕಂಚಿನಲ್ಲಿ ಎರಕ ಹೊಯ್ದ ಕೃಶಮೂರ್ತಿಗಳಲ್ಲಿಯೂ ಅದೇ ಸೀಳುಗಳು ಉಳಿದವು.

ಅಂತಹದೊಂದು ಹಾಳೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. 35 ವರ್ಷ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಮಸಿಯ ಗೀರೆಳೆದ ಕೈ ನಮ್ಮದು. ಕ್ಷರವಾಗದ್ದೇ ಅಕ್ಷರವೆಂದು ಪಾಠ ಹೇಳುತ್ತಿದ್ದೆವು. ಗಾಯವೂ ಹಾಗೆಯೇ ಅಳಿಯದೆ ಉಳಿಯಬಲ್ಲುದೆಂಬುದು ಅಂದು ತಿಳಿಯಿತು. ಗೀರುಗಳೇ ತುಂಬಿದ ಹಾಳೆಯನ್ನು ಕೈಯಲ್ಲಿ ಹಿಡಿದು ಹೋದವನು ಮರಳಿ ಶಾಲೆಗೆ ಬಾರದಿದ್ದ ಹುಡುಗನೊಬ್ಬನು ನೆನಪಾದನು. ಈಗ ಊರಿಗೆ ಮರಳಿದ್ದೇವೆ. ಅವನ ಮನೆಯೆಲ್ಲಿಯೆಂದು ವಿಚಾರಿಸುತ್ತಲಿದ್ದೇವೆ.